ಹಿಂದಿರುಗಲಾಗದವರ ಸಂಘ

ಸಂಘವೆಂದರೆ ಊಟ, ನಾಟಕ, ರಾಜ್ಯೋತ್ಸವ ಮತ್ತು ವರ್ಷದ ಚಂದಾ, ಅಷ್ಟೇ ತಾನೆ ಎಂದು ನಮ್ಮಲ್ಲೇ ಕೆಲವರು ತಮಾಷೆ ಮಾಡುವುದುಂಟು. ಅಂಥವರಿಗೆ ನಮಗಿಂತ ಮೊದಲೇ ಇದೇ ಬ್ರಿಟನ್ನಿಗೆ ಬಂದ ಪೋಲಿಷ್ ಸೈನಿಕರ ಕಥೆ ಹೇಳಬೇಕೆನಿಸುತ್ತದೆ.

ಜನರಲ್ ಆಂಡರ್ಸ್ ಅವರ ಪಡೆ 1944ರ ಮೇ ತಿಂಗಳಲ್ಲಿ ಇಟಲಿಯ ಮಾಂಟೆ ಕಸಿನೊ ಗುಡ್ಡವನ್ನು ಹಿಡಿಯಿತು. ಮರುವರ್ಷ ಯಾಲ್ಟಾದಲ್ಲಿ ಮೂವರು ದೊಡ್ಡವರು ಕುಳಿತು ಪೋಲೆಂಡಿನ ಪೂರ್ವಭಾಗವನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟರು. ಆ ಸೈನಿಕರಲ್ಲಿ ಅನೇಕರ ಮನೆಗಳಿದ್ದದ್ದು ಅಲ್ಲಿಯೇ. ಗೆದ್ದ ಪಕ್ಷದಲ್ಲಿದ್ದೂ ಊರು ಕಳೆದುಕೊಂಡವರು! ಜನರಲ್ ಮಾಚೆಕ್ ಅವರ ಪೌರತ್ವವನ್ನು 1946ರಲ್ಲಿ ವಾರ್ಸಾ ಸರ್ಕಾರ ಕಿತ್ತುಕೊಂಡಿತು. ಒಂದು ಡಿವಿಷನ್ ನಡೆಸಿದ ಮನುಷ್ಯ ಎಡಿನ್‌ಬರೊದ ಹೋಟೆಲೊಂದರ ಬಾರಿನಲ್ಲಿ ಕೆಲಸಕ್ಕೆ ನಿಂತರು. (ಕೆಲವರ ಹೆಂಡತಿ ಮಕ್ಕಳು ನಮ್ಮ ಬೆಳಗಾವಿಗೆ ದೂರವಲ್ಲದ ಕೊಲ್ಲಾಪುರದ ಪಕ್ಕ, ವಳಿವಡೆ ಶಿಬಿರದಲ್ಲಿದ್ದರು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?)

ಇವರು 1946ರಲ್ಲೇ ಮಾಜಿ ಯೋಧರ ಸಂಘ ಕಟ್ಟಿದರು. ಕ್ಲಬ್ಬುಗಳು, ಗ್ರಂಥಾಲಯ, ಮಕ್ಕಳಿಗೆ ಶನಿವಾರದ ಶಾಲೆ ಬಂದವು. ಬ್ರಿಟನ್ 1945ರಲ್ಲಿ ಮಾನ್ಯತೆ ಹಿಂತೆಗೆದುಕೊಂಡರೂ ಲಂಡನ್ನಿನಲ್ಲಿ ತಮ್ಮದೇ ಸರ್ಕಾರವನ್ನು 45 ವರ್ಷ ನಡೆಸಿದರು. ನಗುವವರು ನಕ್ಕರು. 1990ರ ಡಿಸೆಂಬರಿನಲ್ಲಿ ಅಧ್ಯಕ್ಷ ಕಾಚೊರೊವ್‌ಸ್ಕಿ ವಾರ್ಸಾಕ್ಕೆ ಹೋಗಿ ಅಧಿಕಾರದ ಲಾಂಛನಗಳನ್ನು ವಲೆನ್ಸಾ ಅವರ ಕೈಗಿತ್ತರು.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಆಣೆ ಮಾಡಿದವರು ತಂದೆತಾಯಿ. ಶನಿವಾರದ ಫುಟ್‌ಬಾಲ್ ಬಿಟ್ಟವರು ಮಕ್ಕಳು. ಇದು ನ್ಯಾಯವೇ?

ಇಲ್ಲಿ ತರಬೇತಿಯಲ್ಲಿದ್ದಾಗ ವೃದ್ಧರ ವಾರ್ಡಿನಲ್ಲಿ ಇಂಥ ಒಬ್ಬ ಹಿರಿಯರಿದ್ದರು. ಮರೆವಿನ ಕಾಯಿಲೆ ಅವರ ಇಂಗ್ಲಿಷನ್ನು ಮೊದಲು ನುಂಗಿತ್ತು, ಪೋಲಿಷ್ ಮಾತ್ರ ಉಳಿದಿತ್ತು. ಎಲ್ಲಿ ನೋವು ಎಂದು ಮಗಳು ಕೇಳಿ ನಮಗೆ ತಿಳಿಸುತ್ತಿದ್ದಳು. ಆ ಶಾಲೆಯನ್ನು ಚಿಕ್ಕಂದಿನಲ್ಲಿ ದ್ವೇಷಿಸುತ್ತಿದ್ದೆ ಎಂದೂ ಅವಳೇ ಹೇಳಿದಳು. ಅವಳ ಎರಡು ಮಾತೂ ನಿಜವೇ.

ನನಗನ್ನಿಸುವಂತೆ ತಂದೆಯ ಆಣೆ ಮಕ್ಕಳ ಮೇಲಿನ ಸಾಲವಾಗಬಾರದು. ಭಾಷೆ ಕೊಡುವುದು ಬೇರೆ, ಅದು ಅನ್ನ ಹಾಕಿದ ಹಾಗೆ. ಅಲ್ಲದೆ, ಅವರಿಗೆ ಊರಿನ ಬಾಗಿಲು ಮುಚ್ಚಿತ್ತು. ನಾವಾದರೋ ನಮ್ಮ ಇಷ್ಟದಿಂದ, ಕೆಲಸ ಹುಡುಕಿಕೊಂಡು, ಟಿಕೆಟ್ ಕೊಂಡು ಬಂದವರು. ಬೇಕೆಂದಾಗ ಬೆಂಗಳೂರಿನಲ್ಲಿ ಇಳಿಯುತ್ತೇವೆ. ದೇಶಭ್ರಷ್ಟರ ದುಃಖವನ್ನು ಎರವಲು ತಂದು ಮಕ್ಕಳ ಮುಂದೆ ಕಣ್ಣೀರಿಡುವ ಹಕ್ಕು ನಮಗಿಲ್ಲ. ಭಾನುವಾರದ ಕನ್ನಡ ತರಗತಿಗೆ ಯಾಕೆ ಬರಬೇಕೆಂದು ಮಗ ಕೇಳಿದರೆ, ಅಜ್ಜಿಯ ಫೋನನ್ನು ನೀನೇ ಎತ್ತಿ ಮಾತಾಡಲಿ ಎಂದು, ಅನ್ನಿ ಸಾಕು.