ಬೇಟೆಯ ತ್ಯಾಗವೆಂದರೆ ಯಾವುದರ ತ್ಯಾಗ?

ಸಪ್ತವ್ಯಸನಗಳಲ್ಲಿ ಬೇಟೆಯೂ ಒಂದು. ದ್ಯೂತ, ಮದ್ಯ, ಮಾಂಸಾದಿಗಳೊಂದಿಗೆ ಅದನ್ನೂ ತೊರೆದವನೇ ಶ್ರಾವಕಧರ್ಮದ ಮೆಟ್ಟಿಲೇರಲು ಅರ್ಹನೆಂಬುದು ಆಚಾರ್ಯರ ಉಪದೇಶ. ಬಿಲ್ಲನ್ನಾಗಲಿ ಬಂದೂಕನ್ನಾಗಲಿ ಮುಟ್ಟದ ನಮ್ಮ ಮನೆತನಗಳಿಗೆ ಈ ತ್ಯಾಗವು ಹುಟ್ಟಿನಿಂದಲೇ ಸಿದ್ಧಿಸಿದೆಯೆಂದು ಭಾವಿಸುವವರುಂಟು. ಆದರೆ ಅವಕಾಶ ಒದಗದಿರುವುದು ವ್ರತವಾಗಲಾರದು. ಮಾಂಸತ್ಯಾಗವನ್ನು ಬೇರೆಯಾಗಿಯೇ ಹೇಳಿದೆ, ಅಹಿಂಸಾಣುವ್ರತವೂ ಇದೆ. ಹೀಗಿರಲು ಬೇಟೆಯನ್ನು ಪ್ರತ್ಯೇಕವಾಗಿ ಎಣಿಸಿದುದೇಕೆ?

ಬೇಟೆಗೆ ಗುರಿಯಾಗುವ ಜೀವವನ್ನು ನೋಡಿದರೆ ಉತ್ತರ ದೊರೆಯುತ್ತದೆ. ನಮ್ಮ ಸೀಮೆಯವರು ಚಿಗರಿಯೆನ್ನುವ ಕೃಷ್ಣಮೃಗವು ದಟ್ಟಡವಿಯದಲ್ಲ, ಹುಲ್ಲುಬಯಲಿನದು. ಪ್ರಾಯದ ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕಣ್ಣಿನ ಸುತ್ತ ಬಿಳಿಯ ಬಳೆ. ತಿರುಪುತಿರುಪಾಗಿ ಮೇಲೇರುವ ಕೊಂಬುಗಳು ಎರಡು ಅಡಿಯವರೆಗೂ ಬೆಳೆಯುತ್ತವೆ. ಹೆಣ್ಣು ಕಂದುಬಣ್ಣದ್ದು, ಸಾಮಾನ್ಯವಾಗಿ ಅದಕ್ಕೆ ಕೊಂಬಿಲ್ಲ. ತಾಯಿಯು ಎಳೆಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತದೆ. ಅಪಾಯದ ಸುಳಿವು ಸಿಕ್ಕೊಡನೆ ಒಂದು ನೆಗೆಯುತ್ತದೆ. ಅದನ್ನು ಕಂಡು ಹಿಂಡೆಲ್ಲ ನೆಗೆದು ಓಡುತ್ತದೆ. ಓಟವೊಂದೇ ಅದಕ್ಕಿರುವ ರಕ್ಷೆ.

ಆ ಓಟವೇ ಬೇಟೆಗಾರನಿಗೆ ವಿನೋದ. ಅದನ್ನು ಮೀರಿಸಲೆಂದು ಅರಸರು ಚೀತಾಗಳನ್ನು ಪಳಗಿಸಿ ಬಿಟ್ಟರು. ಆಫ್ರಿಕದ ಹುಲ್ಲುಬಯಲುಗಳಲ್ಲಿ ಇಂದಿಗೂ ಹಣ ತೆತ್ತು ಸ್ಪ್ರಿಂಗ್‌ಬಾಕ್‌ನಂತಹ ಮೃಗಗಳನ್ನು ಕೊಂದು, ಕೊಂಬುಗಳನ್ನು ಗೋಡೆಗೆ ತೂಗುಹಾಕುವವರಿದ್ದಾರೆ. ಇಲ್ಲಿ ಹಸಿವಿನ ಮಾತಿಲ್ಲ. ಪರಜೀವದ ಭಯದಲ್ಲಿ ಸುಖವನ್ನು ಕಾಣುವ ಮನಸ್ಸಿದೆ. ಇದನ್ನೇ ಶಾಸ್ತ್ರವು ಹಿಂಸಾನಂದವೆಂಬ ರೌದ್ರಧ್ಯಾನವೆಂದು ಕರೆಯಿತು. ಮಾಂಸವನ್ನು ಬಿಟ್ಟವನಲ್ಲಿಯೂ ಈ ಆನಂದ ಉಳಿದಿರಬಹುದಾದ್ದರಿಂದಲೇ ಬೇಟೆಯನ್ನು ಬೇರೆಯಾಗಿ ಎಣಿಸಿದುದು ಯುಕ್ತವಾಗಿದೆ.

ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಬೇಟೆಯ ದೃಶ್ಯಗಳು ಸಾಲುಗಟ್ಟಿವೆ. ಅಲ್ಲಿಂದ ದೂರವಲ್ಲದ ಕಮಲಾಪುರ-ಕಂಪ್ಲಿ ಮಾರ್ಗದಲ್ಲಿ ಗಾಣಗಿತ್ತಿ ಜಿನಾಲಯವಿದೆ. ಎರಡನೆಯ ಹರಿಹರನ ದಂಡನಾಥ ಇರುಗಪ್ಪನು ಕುಂಥುನಾಥ ತೀರ್ಥಂಕರರಿಗಾಗಿ 1385ರಲ್ಲಿ ಅದನ್ನು ಕಟ್ಟಿಸಿದನು. ಖಡ್ಗ ಹಿಡಿದವನು ಶ್ರಾವಕನಾಗಿರುವುದು ಹೇಗೆಂದು ಕೇಳಬಹುದು. ನಾಡಿನ ರಕ್ಷಣೆಯಲ್ಲಿ ಒದಗುವುದು ವಿರೋಧಿ ಹಿಂಸೆ. ಗೃಹಸ್ಥನು ಅದನ್ನು ಪೂರ್ಣವಾಗಿ ಬಿಡಲಾರ. ಬೇಟೆಯಾದರೋ ಶುದ್ಧ ಸಂಕಲ್ಪಿ ಹಿಂಸೆ. ಚಿಗರಿಯು ಯಾರ ಮೇಲೂ ದಂಡೆತ್ತಿ ಬಂದುದಲ್ಲ.

“ಆದರೆ ಅದು ನಮ್ಮ ಬೆಳೆಯನ್ನು ಮೇಯುತ್ತದಲ್ಲ?” ಎಂದು ಬಳ್ಳಾರಿ-ಕೊಪ್ಪಳ ಸೀಮೆಯ ಎರೆಹೊಲದ ರೈತನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಮೊಳಕೆಯೊಡೆದ ಪೈರನ್ನು ಕಳೆದುಕೊಂಡವನ ನಷ್ಟವನ್ನು ಉಪದೇಶದಿಂದ ತುಂಬಿಕೊಡಲಾಗದು. ಅವನು ಬೇಲಿ ಹಾಕಲಿ, ರಾತ್ರಿ ಕಾಯಲಿ, ಕೂಗಿ ಓಡಿಸಲಿ. ಹೊಲದ ಬದುವಿನವರೆಗೆ ಓಡಿಸುವುದು ರಕ್ಷಣೆ. ಬದುವನ್ನು ದಾಟಿದ ಮೇಲೂ ಬೆನ್ನಟ್ಟುವುದು ಬೇಟೆ. ಓಡುವ ಕಾಲು ಒಂದೇ, ಕೂಗುವ ಬಾಯಿ ಒಂದೇ. ಭಾವವು ಮಾತ್ರ ಬದಲಾಗಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೃಷ್ಣಮೃಗದ ಬೇಟೆಯನ್ನು ನಿಷೇಧಿಸಿತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಅದಕ್ಕೆ ಅಭಯಾರಣ್ಯವಾಯಿತು. ಇವು ಸ್ತುತ್ಯ ಕಾರ್ಯಗಳೇ. ಆದರೆ ಕಾಯಿದೆಯು ಕೈಯನ್ನು ತಡೆದೀತು. ಮನಸ್ಸನ್ನು ತಡೆಯಬೇಕಾದುದು ವ್ರತವೇ. ಭಗವಾನ್ ನೇಮಿನಾಥರು ತಮ್ಮ ವಿವಾಹದ ದಾರಿಯಲ್ಲಿ ಕೂಡಿಹಾಕಿದ್ದ ಮೃಗಗಳ ಆಕ್ರಂದನವನ್ನು ಕೇಳಿದರು. ಅವನ್ನು ಅವರು ಹಿಡಿದಿರಲಿಲ್ಲ, ಹಿಡಿಯಿರೆಂದು ಹೇಳಿರಲಿಲ್ಲ. ಆದರೂ ತಮ್ಮ ಸಂಭ್ರಮವು ಆ ಜೀವಗಳ ಭಯದ ಮೇಲೆ ನಿಂತಿದೆಯೆಂದು ತಿಳಿದೊಡನೆ ಸಂಭ್ರಮವನ್ನೇ ತೊರೆದರು. ಕೃತ, ಕಾರಿತಗಳಷ್ಟೇ ಅಲ್ಲದೆ ಅನುಮೋದನೆಯೂ ಬಂಧಕಾರಣವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತಿಳಿಸುವ ನಿದರ್ಶನ ಬೇಕಿಲ್ಲ.

ಅಷ್ಟಮಿ, ಚತುರ್ದಶಿಗಳಂದು ನಾವು ಉಪವಾಸವನ್ನು ಕೈಗೊಳ್ಳುತ್ತೇವೆ. ಅಂದು ನಮ್ಮ ಮಗುವು ಬೀದಿಯ ನಾಯಿಗೆ ಕಲ್ಲೆಸೆದು, ಅದು ಕುಂಟುತ್ತ ಓಡುವುದನ್ನು ಕಂಡು ನಕ್ಕರೆ, ನಾವೂ ಜತೆಗೆ ನಗುತ್ತೇವೆಯೇ? ನಕ್ಕರೆ ಹೊಟ್ಟೆ ಬರಿದಾಗಿದ್ದರೂ ಬೇಟೆ ಮುಗಿದಿಲ್ಲ. ಆಹಾರದೊಡನೆ ಆ ನಗುವನ್ನೂ ಬಿಡುವುದೇ ಪರ್ವದಿನದ ಪೂರ್ಣ ಉಪವಾಸ.