ಬಾರದ ಬಂಡಿಯ ಪ್ರಾಗಭಾವ

2010ರ ವಸಂತದಲ್ಲಿ, ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರದ ಪ್ರಿನ್ಸಸ್ ಬೀದಿಯಲ್ಲಿ, ಒಂದು ಪಕ್ಕಕ್ಕೆ ಕೋಟೆಯನ್ನು ಹೊತ್ತ ಕರಿಬಂಡೆಯೂ ಇನ್ನೊಂದು ಪಕ್ಕಕ್ಕೆ ಅಂಗಡಿಗಳ ಸಾಲೂ ಇರುವ ಆ ಪ್ರಸಿದ್ಧ ರಾಜಮಾರ್ಗದ ಮೇಲೆ, ಸ್ಪೇನ್ ದೇಶದ ಕಾರ್ಖಾನೆಯಿಂದ ಬಂದ ಹೊಚ್ಚ ಹೊಸ ಟ್ರಾಮ್ ಬಂಡಿಯೊಂದನ್ನು ತಂದು ನಿಲ್ಲಿಸಿ, ಜನರು ಹತ್ತಿ ಒಳಗೆಲ್ಲ ಕಣ್ಣಾಡಿಸಿ ಇಳಿದುಹೋಗುವುದಕ್ಕೆ ಅವಕಾಶ ಮಾಡಿಕೊಟ್ಟರು. ಬಂಡಿಯಿತ್ತು, ಅದರಡಿಯಲ್ಲಿ ಹಳಿಯೂ ಇತ್ತು, ಸೇರಬೇಕಾದ ಊರಿತ್ತು, ಹೋಗಬೇಕಾದ ಜನರಿದ್ದರು. ಆದರೆ ಆ ಹಳಿ ಆ ಬೀದಿಯಿಂದಾಚೆಗೆ ಎಲ್ಲಿಗೂ ಕೂಡಿಕೊಂಡಿರಲಿಲ್ಲ. ವಸಂತಮಂಟಪದಲ್ಲಿ ಕುಳ್ಳಿರಿಸಿದ ಉತ್ಸವಮೂರ್ತಿಯಂತೆ ಬಂಡಿ ದರ್ಶನವನ್ನು ಕೊಟ್ಟಿತೇ ಹೊರತು ಮೆರವಣಿಗೆ ಹೊರಡಲಿಲ್ಲ. 2011ರಲ್ಲಿ ಓಡತೊಡಗುವುದೆಂದು ಸಾರಿದ್ದ ಆ ಮಾರ್ಗದಲ್ಲಿ ಪ್ರಯಾಣಿಕರು ಟಿಕೆಟು ಕೊಂಡು ಕುಳಿತದ್ದು 2014ರ ಮೇ 31ರಂದು.

ನಡುವಣ ಕಥೆಯನ್ನು ಸವಿಸ್ತಾರವಾಗಿ ಹೇಳುವುದು ನನ್ನ ಉದ್ದೇಶವಲ್ಲ. 2006ರಲ್ಲಿ ಶಾಸನಸಭೆಯ ಅನುಮತಿ ದೊರೆಯಿತು. 2008ರಲ್ಲಿ ಗುತ್ತಿಗೆಯ ಕರಾರಿಗೆ ರುಜು ಬಿತ್ತು. ವಿಮಾನನಿಲ್ದಾಣದಿಂದ ನಗರಮಧ್ಯವನ್ನು ಹಾಯ್ದು, ಲೀತ್ ಬಂದರನ್ನು ಮುಟ್ಟಿ, ಕಡಲಂಚಿನ ನ್ಯೂಹೇವನ್‌ವರೆಗೆ ಮಾರ್ಗ. ವೆಚ್ಚ 54 ಕೋಟಿ 50 ಲಕ್ಷ ಪೌಂಡು. ಬೀದಿಯನ್ನು ಅಗೆದಾಗ ನೀರಿನ ಕೊಳವೆ, ಅನಿಲದ ಕೊಳವೆ, ತಂತಿಗಳು ನಕ್ಷೆ ತೋರಿಸಿದ ಕಡೆಯಲ್ಲಿ ಇರಲಿಲ್ಲ, ತೋರಿಸದ ಕಡೆಯಲ್ಲಿ ಇದ್ದುವು. ಪ್ರಿನ್ಸಸ್ ಬೀದಿಯನ್ನು 2009ರಲ್ಲಿ ತಿಂಗಳುಗಟ್ಟಲೆ ಮುಚ್ಚಿ ಹಳಿ ಹಾಸಿದರು. ಹಾಸಿದ್ದು ಕೆಟ್ಟುದರಿಂದ 2011ರಲ್ಲಿ ಮತ್ತೆ ಮುಚ್ಚಿ ರಿಪೇರಿಗೆ ತೊಡಗಿದರು. ಗುತ್ತಿಗೆದಾರರಿಗೂ ನಗರಸಭೆಯೇ ಸ್ಥಾಪಿಸಿದ್ದ ಕಂಪನಿಗೂ ವ್ಯಾಜ್ಯ ಹತ್ತಿತು. 2011ರ ಆಗಸ್ಟಿನಲ್ಲಿ, ಮಾರ್ಗವನ್ನು ನಗರಮಧ್ಯಕ್ಕೂ ತಾರದೆ ಹೇಮಾರ್ಕೆಟ್ ನಿಲ್ದಾಣದಲ್ಲಿಯೇ ನಿಲ್ಲಿಸಿಬಿಡೋಣವೆಂದು ನಗರಸಭೆ ಗೊತ್ತುಮಾಡಿ, ಒಂದು ವಾರ ಕಳೆಯುತ್ತಿರುವಷ್ಟರಲ್ಲಿ ಆ ನಿರ್ಣಯವನ್ನು ತಾನೇ ಹಿಂದೆಗೆದುಕೊಂಡಿತು. ಕಡೆಗೆ ನ್ಯೂಹೇವನ್ನಿನ ಮಾತು ಬಿಟ್ಟುಹೋಗಿ, ಯಾರ್ಕ್ ಪ್ಲೇಸ್ ಎಂಬಲ್ಲಿಗೆ ಮೊಟಕಾದ 14 ಕಿಲೋಮೀಟರು ಮಾರ್ಗಕ್ಕೆ 77 ಕೋಟಿ 60 ಲಕ್ಷ ಪೌಂಡು ಸಂದಾಯವಾಯಿತು. ದೊಡ್ಡ ಮಾರ್ಗದ ಲೆಕ್ಕದಲ್ಲಿ ತರಿಸಿದ್ದ 27 ಬಂಡಿಗಳು ಈ ಚಿಕ್ಕ ಮಾರ್ಗಕ್ಕೆ ಹೆಚ್ಚಾದುವು.

ಈ ವೃತ್ತಾಂತದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ ಹಣದ್ದಲ್ಲ. ತಡ, ವಿಳಂಬ ಎಂದು ನಾವು ಹೇಳುತ್ತೇವಲ್ಲ, ಅದು ಎಲ್ಲಿರುತ್ತದೆ? ಹಳಿಯಲ್ಲಿಯೆ, ಮಣ್ಣಿನಲ್ಲಿಯೆ, ಕಾಲದಲ್ಲಿಯೆ, ಕಾಯುವವನ ಮನಸ್ಸಿನಲ್ಲಿಯೆ?

ನಮ್ಮ ನೈಯಾಯಿಕರು ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿದವರು. ಮಧ್ವಸಿದ್ಧಾಂತಿಗಳೂ ತಮ್ಮ ಹತ್ತು ಪದಾರ್ಥಗಳ ಪಟ್ಟಿಯಲ್ಲಿ ಅದಕ್ಕೆ ಕಡೆಯ ಮಣೆಯನ್ನು ಹಾಕಿಕೊಟ್ಟಿದ್ದಾರೆ. ಕುಂಬಾರನು ಗಡಿಗೆಯನ್ನು ಮಾಡುವುದಕ್ಕೆ ಮುಂಚೆ ಆ ಗಡಿಗೆ ಇಲ್ಲದಿರುವುದು ಪ್ರಾಗಭಾವ: ಅದಕ್ಕೆ ಆದಿಯಿಲ್ಲ, ಗಡಿಗೆ ಹುಟ್ಟಿದ ಕ್ಷಣದಲ್ಲಿ ಅಂತ್ಯವುಂಟು. ಗಡಿಗೆ ಒಡೆದ ಮೇಲೆ ಅದು ಇಲ್ಲದಿರುವುದು ಪ್ರಧ್ವಂಸಾಭಾವ: ಅದಕ್ಕೆ ಆದಿಯುಂಟು, ಅಂತ್ಯವಿಲ್ಲ, ಒಡೆದ ಗಡಿಗೆಯೇ ಮತ್ತೆ ಹುಟ್ಟಿ ಬಾರದು. ಎಡಿನ್‌ಬರೋ ನಗರಕ್ಕೆ ಈ ಎರಡು ಇಲ್ಲಮೆಗಳೂ ಒಟ್ಟಿಗೆ ಒದಗಿದ್ದುವು. ಅಲ್ಲಿ ಹಿಂದೆ ಟ್ರಾಮುಗಳಿದ್ದುವು. ಅವುಗಳಲ್ಲಿ ಕಡೆಯದು 1956ರ ನವೆಂಬರ್ 16ರಂದು ಓಡಿ ನಿಂತಿತು. ಅಂದು ಮೊದಲಾದುದು ಹಳೆಯ ಟ್ರಾಮಿನ ಪ್ರಧ್ವಂಸಾಭಾವ. ಹೊಸ ಟ್ರಾಮಿನ ಪ್ರಾಗಭಾವವಾದರೋ ಅದಕ್ಕೂ ಹಿಂದಿನಿಂದ, ಎಡಿನ್‌ಬರೋ ಎಂಬ ಊರೇ ಇಲ್ಲದಿದ್ದಾಗಿನಿಂದ, ಸದ್ದಿಲ್ಲದೆ ನಡೆದುಬಂದಿತ್ತು. 1956ರಿಂದ ಮುಂದೆ ನಾಲ್ಕು ದಶಕಗಳಿಗೂ ಮಿಕ್ಕಿ ಆ ಬೀದಿಗಳಲ್ಲಿ ಟ್ರಾಮು ಬರಲಿಲ್ಲ. ಆದರೂ ಅದು ತಡವಾಗಿದೆಯೆಂದು ಆಗ ಯಾರೂ ಹೇಳಲಿಲ್ಲ. ಇಂಥ ಕಾಲಕ್ಕೆ ಬರುತ್ತದೆಯೆಂಬ ನುಡಿ ಹೊರಟ ಮೇಲೆ ಮಾತ್ರ, ಆದಿಯಿಲ್ಲದ ಆ ಇಲ್ಲಮೆಯೊಳಗೆ ಒಂದು ಗೆರೆ ಬಿದ್ದು, ಗೆರೆಯ ಈಚೆಯದು ನಿರೀಕ್ಷೆಯೆಂದೂ ಆಚೆಯದು ವಿಳಂಬವೆಂದೂ ಎರಡು ಹೆಸರುಗಳನ್ನು ಪಡೆದುವು. ಇಲ್ಲದಿರುವ ವಸ್ತು ಮೊದಲಿನಂತೆಯೇ ಇಲ್ಲದೆ ಇದೆ. ಅದಕ್ಕೆ ಹೊಸತಾಗಿ ಸೇರಿದ ದೋಷ ನಮ್ಮ ಮಾತಿನಿಂದ ಬಂದದ್ದು. ಪ್ರಾಗಭಾವಕ್ಕೆ ಕಾರಣವಿಲ್ಲ, ಅದು ಅನಾದಿ; ವಿಳಂಬಕ್ಕೆ ಕಾರಣವುಂಟು, ಅದು ವಚನ. ನುಡಿ ಮುಂದೆ ನಡೆಯಿತು, ಬಂಡಿ ಹಿಂದೆ ನಿಂತಿತು.

ಇದನ್ನು ಬರಿಯ ವಾಕ್ಚಮತ್ಕಾರವೆಂದು ತಳ್ಳಿಹಾಕುವವರು ಉಂಟು. ಕೊಳವೆ ಅಡ್ಡ ಬಂದದ್ದು ನಿಜವಲ್ಲವೆ, ಜಗಳ ನಡೆದದ್ದು ನಿಜವಲ್ಲವೆ, ಅವೇ ಕಾರಣಗಳಲ್ಲವೆ ಎಂದು ಅವರು ಕೇಳುತ್ತಾರೆ. ಕಾರ್ಯವೊಂದು ಹುಟ್ಟಬೇಕಾದರೆ ಕಾರಣಗಳ ಸಾಮಗ್ರಿಯೆಲ್ಲ ಏಕಕಾಲದಲ್ಲಿ ಕೂಡಬೇಕು, ಒಂದು ಕೊರೆಯಾದರೂ ಕಾರ್ಯವಿಲ್ಲ ಎಂಬುದು ಶಾಸ್ತ್ರವೂ ಹೌದು, ಅಡುಗೆಮನೆಯ ಅನುಭವವೂ ಹೌದು. ಎಡಿನ್‌ಬರೋವಿನಲ್ಲಿ ಬಂಡಿಗಳು ಬಂದು ಹಳಿಗಾಗಿ ಕಾದುವು. ನಮ್ಮ ಬೆಂಗಳೂರಿನಲ್ಲಿ ಇದಕ್ಕೆ ಸರಿಯಾಗಿ ತಿರುಗುಮುರುಗಾದದ್ದು ನಡೆಯಿತು: ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರು ಉದ್ದದ ಮೆಟ್ರೋ ಹಳದಿ ಮಾರ್ಗದಲ್ಲಿ ಕಂಬಗಳೆದ್ದು, ಹಳಿ ಹಾಸಿ, ನಿಲ್ದಾಣಗಳಿಗೆ ಬಣ್ಣ ಬಳಿದು ಮುಗಿದ ಮೇಲೆಯೂ ಓಡಿಸುವುದಕ್ಕೆ ರೈಲುಗಳಿರಲಿಲ್ಲ. 2019ರಲ್ಲಿ ಚೀನಾದ ಕಂಪನಿಯೊಂದಕ್ಕೆ ಕೊಟ್ಟ ಗುತ್ತಿಗೆ ಎರಡು ದೇಶಗಳ ಗಡಿಯ ಮನಸ್ತಾಪದಲ್ಲಿ ಸಿಲುಕಿ, ಕಡೆಗೆ ಬಂಗಾಳದ ಕಾರ್ಖಾನೆಯಿಂದ ಬಂಡಿಗಳು ಒಂದೊಂದಾಗಿ ಬಂದು ಸೇರಿ, 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗ ಇದ್ದ ರೈಲುಗಳು ಮೂರು. ಒಂದು ಹೋದರೆ ಇನ್ನೊಂದು ಬರುವುದಕ್ಕೆ 25 ನಿಮಿಷ. ಅಷ್ಟು ಕಾಲವೂ ಮೇಲಿನ ಖಾಲಿ ಹಳಿಯ ನೆರಳಿನಲ್ಲಿ ಹೊಸೂರು ರಸ್ತೆಯ ಬಸ್ಸುಗಳು ಆಮೆಯ ನಡಿಗೆಯಲ್ಲಿ ತೆವಳಿದುವು. ಅಲ್ಲಿ ದರ್ಶನಕ್ಕೆ ನಿಂತದ್ದು ಮೂರ್ತಿ, ಇಲ್ಲಿ ಖಾಲಿಯಾಗಿ ನಿಂತದ್ದು ರಥಬೀದಿ.

ಆದರೆ ಕಾರಣ ಯಾವುದು ಎಂದು ಕೇಳುವುದು ಸುಲಭ, ಕಾರಣದಿಂದ ಕಾರಣದಂತೆ ತೋರುವುದನ್ನು ಬೇರ್ಪಡಿಸುವುದು ಕಷ್ಟ. ಗಡಿಗೆಗೆ ಮುಂಚೆ ಮಣ್ಣೂ ಚಕ್ರವೂ ಕುಂಬಾರನೂ ಇದ್ದಂತೆ, ಮಣ್ಣನ್ನು ಹೊತ್ತು ತಂದ ಕತ್ತೆಯೂ ಇತ್ತು, ಕುಂಬಾರನ ತಂದೆಯೂ ಇದ್ದ. ಇವರನ್ನೆಲ್ಲ ಕಾರಣವೆನ್ನಲಾಗದು, ಇವು ಅನ್ಯಥಾಸಿದ್ಧಗಳು ಎಂದು ತಾರ್ಕಿಕರು ಕತ್ತೆಯನ್ನೂ ತಂದೆಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಬೀಳ್ಕೊಟ್ಟರು. ಎಡಿನ್‌ಬರೋವಿನಲ್ಲಿ ಈ ಕೆಲಸಕ್ಕೆ ಲಾರ್ಡ್ ಹಾರ್ಡಿ ಎಂಬ ನ್ಯಾಯಾಧೀಶರನ್ನು ನೇಮಿಸಿದರು. 2014ರಲ್ಲಿ ಮೊದಲಾದ ಅವರ ವಿಚಾರಣೆಯ ವರದಿ ಹೊರಬಿದ್ದದ್ದು 2023ರ ಸೆಪ್ಟೆಂಬರ್ 19ರಂದು. ಖರ್ಚು 1 ಕೋಟಿ 30 ಲಕ್ಷ ಪೌಂಡಿಗೂ ಮೇಲೆ. ಕಟ್ಟುವುದಕ್ಕೆ ಆರು ವರ್ಷ, ಕಟ್ಟುವುದಕ್ಕೇಕೆ ಆರು ವರ್ಷ ಹಿಡಿಯಿತೆಂದು ತಿಳಿಯುವುದಕ್ಕೆ ಒಂಬತ್ತು ವರ್ಷ! ನಗುವವರು ನಗಲಿ, ಕತ್ತೆಯನ್ನೂ ಕುಂಬಾರನನ್ನೂ ಬೇರೆಮಾಡುವ ಕೆಲಸವನ್ನು ಎಂದಾದರೂ ಮಾಡಿನೋಡಿದವರಿಗೆ ಅದರ ಆಯಾಸ ಗೊತ್ತು. ವರದಿ ಕೊಳವೆಗಳ ಹತ್ತಿರ ನಿಲ್ಲಲಿಲ್ಲ. ದೋಷದ ಹೆಚ್ಚಿನ ಪಾಲು ನಗರಸಭೆಯ ಕಂಪನಿಯದೆಂದೂ, ನಗರಸಭೆಯೂ ಸ್ಕಾಟ್ಲೆಂಡಿನ ಮಂತ್ರಿಗಳೂ ಅದರಲ್ಲಿ ಪಾಲುದಾರರೆಂದೂ ಅದು ಹೇಳಿತು. ನಿಶ್ಚಿತ ಬೆಲೆಯ ಕರಾರೆಂದು ಜನರು ತಿಳಿದಿದ್ದ ಪತ್ರದೊಳಗೆ, ಇಂತಿಂಥ ಸಂಗತಿಗಳು ಹೀಗಿವೆಯೆಂದು ಇಟ್ಟುಕೊಂಡರೆ ಈ ಬೆಲೆ ಎಂಬ ಒಂದು ಅನುಬಂಧವಿತ್ತು. ಇಟ್ಟುಕೊಂಡದ್ದು ತಪ್ಪಿದರೆ ಬೆಲೆಯೂ ಬದಲಾಗಬೇಕು. ಕೆಲವು ತಪ್ಪೆಂಬುದು ರುಜು ಬೀಳುವ ಹೊತ್ತಿಗೇ ಗೊತ್ತಿತ್ತು. ಮತ ಹಾಕಿದ ನಗರಸಭೆಯ ಸದಸ್ಯರ ಮುಂದೆ ಸ್ಥಿತಿ ಯಥಾವತ್ತಾಗಿ ಬಂದಿರಲಿಲ್ಲ. ಅಂತೂ ನೆಲವನ್ನು ಅಗೆಯುತ್ತ ಹೊರಟ ವಿಚಾರಣೆ ಕಡೆಗೆ ಬಂದು ಮುಟ್ಟಿದ್ದು ಮಾತಿನ ತಳಹದಿಯನ್ನು.

ಅದೇ ಊರಿನಲ್ಲಿ ಹುಟ್ಟಿ, ಅದೇ ಊರಿನಲ್ಲಿ 1776ರಲ್ಲಿ ತೀರಿಕೊಂಡ ಡೇವಿಡ್ ಹ್ಯೂಮನಿಗೆ ಕಾರಣದ್ದು, ವಚನದ್ದು ಎಂಬ ಈ ಎರಡು ಪ್ರಶ್ನೆಗಳೂ ಚಿರಪರಿಚಿತವಾಗಿದ್ದುವು. ಈಗ ಟ್ರಾಮು ಹಾಯುವ ಸೇಂಟ್ ಆಂಡ್ರೂ ಚೌಕದ ಮೂಲೆಯಲ್ಲಿ, ಆಗತಾನೆ ಮೇಲೇಳುತ್ತಿದ್ದ ಹೊಸ ಬಡಾವಣೆಯಲ್ಲಿ, ತನ್ನ ಕಡೆಗಾಲದ ಮನೆಯನ್ನು ಕಟ್ಟಿಸಿಕೊಂಡು ಅವನು ವಾಸಿಸಿದನು. ದೇವರ ವಿಷಯದಲ್ಲಿ ಸಂಶಯಿಯಾದ ಅವನ ಬೀದಿಗೆ ಸೇಂಟ್ ಡೇವಿಡ್ ಬೀದಿಯೆಂಬ ಹೆಸರು ಬಂದುದಕ್ಕೆ ಯಾರೋ ಗೋಡೆಯ ಮೇಲೆ ಬರೆದ ಪರಿಹಾಸ್ಯವೇ ಮೂಲವೆಂದು ಐತಿಹ್ಯ. ಕಾರಣಕಾರ್ಯಗಳ ನಡುವೆ ಕಾಣುವ ಬಂಧ ವಸ್ತುಗಳಲ್ಲಿಲ್ಲ, ಒಂದರ ಹಿಂದೆ ಒಂದನ್ನು ಪದೇ ಪದೇ ಕಂಡ ನಮ್ಮ ಅಭ್ಯಾಸದಲ್ಲಿದೆ ಎಂದವನು ಅವನು. ವಚನದ ವಿಷಯದಲ್ಲಿಯೂ ಅಷ್ಟೇ ನಿಷ್ಠುರನಾಗಿ, ಬರಿಯ ಮಾತಾಡಿದ ಮಾತ್ರದಿಂದ ಇಲ್ಲದ ಹೊಣೆಯೊಂದು ಹುಟ್ಟುತ್ತದೆಯೆಂಬುದು, ಪಾದ್ರಿಯ ಮಂತ್ರದಿಂದ ರೊಟ್ಟಿ ಕ್ರಿಸ್ತನ ಶರೀರವಾಗುತ್ತದೆಯೆಂಬ ನಂಬಿಕೆಯಷ್ಟೇ ನಿಗೂಢವೆಂದನು. ಹೊಣೆ ನಿಸರ್ಗದಲ್ಲಿಲ್ಲ, ಒಬ್ಬರಿಗೊಬ್ಬರು ಬೇಕಾದ ಮನುಷ್ಯರು ಬಾಳುವುದಕ್ಕೆ ಮಾಡಿಕೊಂಡ ಏರ್ಪಾಟು ಅದು. ನಾನು ಈ ಮಾತನ್ನು ಅಲ್ಲಗಳೆಯುವುದಿಲ್ಲ. ಆದರೆ ಬೀದಿ ಮುಚ್ಚಿದ ಕಾಲದಲ್ಲಿ ಗಿರಾಕಿಯಿಲ್ಲದೆ ಅಂಗಡಿಯಲ್ಲಿ ಕುಳಿತವನಿಗೆ ಆ ಏರ್ಪಾಟು ಕಲ್ಲಿನಷ್ಟೇ ಗಟ್ಟಿಯಾಗಿ ತೋರಿದ್ದೀತು. (ರಾಯಲ್ ಮೈಲ್ ಬೀದಿಯಲ್ಲಿ ಹ್ಯೂಮನ ಕಂಚಿನ ಪ್ರತಿಮೆಯಿದೆ, ಅದೃಷ್ಟ ಬರಲೆಂದು ಜನರು ಸವರಿ ಸವರಿ ಅದರ ಕಾಲ್ಬೆರಳು ಬಂಗಾರದಂತೆ ಹೊಳೆಯುತ್ತಿದೆ. ಪವಾಡಗಳನ್ನು ಖಂಡಿಸಿದವನಿಗೆ ಪಾದಸೇವೆ!)

ಹಾಗಾದರೆ ದಿನಾಂಕವನ್ನೇ ಹೇಳದಿದ್ದರೆ ವಿಳಂಬವೂ ಇಲ್ಲವಲ್ಲ, ಸುಮ್ಮನೆ ಕಟ್ಟಿಕೊಂಡು ಹೋಗಬಾರದೆ? ನಮ್ಮ ಪೂಜೆಯ ಸಂಕಲ್ಪದಲ್ಲಿ ಈ ಜಾಣ್ಮೆಯಿದೆ. ಕಲ್ಪ, ಮನ್ವಂತರ, ಯುಗ, ಸಂವತ್ಸರ, ಮಾಸ, ತಿಥಿ, ವಾರವೆಂದು ಕಾಲದ ಸಮಸ್ತ ವಿಳಾಸವನ್ನೂ ಹೇಳಿ, ಈ ಕರ್ಮವನ್ನು ಇಂದು ತೊಡಗುತ್ತೇನೆಂದು ನೀರು ಬಿಡುವ ಯಜಮಾನನು ಫಲ ಇಂಥ ದಿನ ಬರಬೇಕೆಂದು ದೇವರಿಗೆ ಗಡುವು ಹಾಕುವುದಿಲ್ಲ. ಎಂಜಿನಿಯರನಿಗೆ ಈ ಸೌಕರ್ಯವಿಲ್ಲ. ಅವನ ಸಂಕಲ್ಪವನ್ನು ಕೇಳುವವರು ಬೊಕ್ಕಸದವರು; ಯಾವಾಗ, ಎಷ್ಟು ಎಂದು ಹೇಳದೆ ಅವರ ಕೈಯಿಂದ ಒಂದು ಕಾಸೂ ಬೀಳದು. ನಿಜವಾದ ಕಾಲವನ್ನೂ ನಿಜವಾದ ವೆಚ್ಚವನ್ನೂ ಮೊದಲೇ ಹೇಳಿದ್ದರೆ ಕೆಲಸವೇ ಮೊದಲಾಗುತ್ತಿರಲಿಲ್ಲವೆಂದು ದೊಡ್ಡ ಕಟ್ಟಡಗಳ ವಿಷಯದಲ್ಲಿ ತಿಳಿದವರು ಪಿಸುಗುಟ್ಟುವುದುಂಟು. ಲೋಕಹಿತಕ್ಕಾಗಿ ಆಡಿದ ಸುಳ್ಳು ಸುಳ್ಳಲ್ಲವೆಂಬ ಹಳೆಯ ವಾದವೇ ಇಲ್ಲಿ ಲೆಕ್ಕಪತ್ರದ ವೇಷ ಹಾಕಿಕೊಂಡು ಬಂದಿದೆ. ಅರಿಯದೆ ಹೇಳಿದವನದು ಅಜ್ಞಾನ. ಆಸೆಯಿಂದ ಹೇಳಿದವನದು ಮೋಹ. ಅರಿತೂ ಹೇಳಿದವನದು ಅನೃತ. ಮೂವರ ಬಾಯಲ್ಲೂ ಬರುವ ದಿನಾಂಕ ಒಂದೇ ಆಗಿರುವುದರಿಂದ ಕೇಳುವವನಿಗೆ ಭೇದ ತಿಳಿಯುವುದಿಲ್ಲ. ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಮನೆಯ ಬಾಗಿಲ ಮೇಲೆ “ನಾಳೆ ಬಾ” ಎಂದು ಬರೆಯುತ್ತಿದ್ದರು. ಇರುಳು ಬಂದ ದೆವ್ವ ಅದನ್ನು ಓದಿ ಹಿಂದಿರುಗಿ, ಮರುದಿನ ಬಂದು ಮತ್ತೆ ಓದಿ ಹಿಂದಿರುಗುತ್ತಿತ್ತಂತೆ. ಅಕ್ಷರ ಬಲ್ಲ ಆ ದೆವ್ವದ ಸೌಜನ್ಯವನ್ನು ನಾವು ಸಾಕಷ್ಟು ಮೆಚ್ಚಿಲ್ಲ. ಕಾಮಗಾರಿಯ ಫಲಕದ ಮುಂದೆ ನಿಂತ ನಾಗರಿಕನ ಅವಸ್ಥೆ ಅದಕ್ಕಿಂತ ಬಹಳ ಬೇರೆಯೇನಲ್ಲ. ದೆವ್ವ ತೆರಿಗೆ ಕೊಡಬೇಕಾಗಿರಲಿಲ್ಲ, ಅಷ್ಟೆ.

ಮೋಹದ ವಿಷಯದಲ್ಲಿ ಎಡಿನ್‌ಬರೋವಿನ ಉತ್ತರಕಥೆಯೊಂದುಂಟು. ಬಿಟ್ಟುಹೋಗಿದ್ದ ನ್ಯೂಹೇವನ್ ಭಾಗವನ್ನು ಕಟ್ಟುವ ನಿರ್ಣಯವನ್ನು ನಗರಸಭೆ 2019ರ ಮಾರ್ಚಿನಲ್ಲಿ ಮಾಡಿತು. ಪಂಚಾಂಗವನ್ನು ತಿರುವಿ ನೋಡಿದರೆ ಅದು ಸಾಕ್ಷಾತ್ ವಿಳಂಬಿ ಸಂವತ್ಸರ! ನಮ್ಮ ಕಡೆಯ ಜೋಯಿಸರು ತಲೆಯಾಡಿಸುತ್ತಿದ್ದರೇನೋ. ಆದರೆ ಸುಟ್ಟ ಬೆರಳಿನ ನೆನಪಿದ್ದವರು ಈ ಬಾರಿ ಲೆಕ್ಕದಲ್ಲಿ ಒಂದು ಹೊಸ ಬಾಬ್ತನ್ನು ಕಾಣಿಸಿದರು: ಅಪಾಯಕ್ಕೆ ಇಷ್ಟು, ನಮ್ಮದೇ ಆಶಾಭ್ರಮಕ್ಕೆ ಇಷ್ಟು ಎಂದು ಹಣವನ್ನು ಬೇರೆಯಾಗಿ ತೆಗೆದಿರಿಸಿ, ಒಟ್ಟು 20 ಕೋಟಿ 70 ಲಕ್ಷ ಪೌಂಡು ಎಂದರು, 2023ರ ವಸಂತ ಎಂದರು, ಒಂದು ಬೀದಿಯನ್ನು ಒಂದೇ ಸಲ ಅಗೆದು, ಕೊಳವೆಯನ್ನೂ ಹಳಿಯನ್ನೂ ಮುಗಿಸಿಯೇ ಮುಚ್ಚತಕ್ಕದ್ದೆಂದು ಕಟ್ಟುಮಾಡಿದರು. ತನ್ನ ಮೋಹಕ್ಕೆ ಜಮಾಖರ್ಚಿನ ಪುಸ್ತಕದಲ್ಲಿ ಒಂದು ಸಾಲು ಬರೆದಿಡುವ ಈ ಪದ್ಧತಿ, ವೈರಾಗ್ಯಶತಕಗಳನ್ನು ಓದಿದ ನಮಗೂ ಹೊಳೆದಿರಲಿಲ್ಲ.

ಲೀತಿನ ಕಾನ್‌ಸ್ಟಿಟ್ಯೂಷನ್ ಬೀದಿಯಲ್ಲಿ ಅಗೆಯುವಾಗ ಎಲುಬುಗಳು ಸಿಕ್ಕಿದುವು. ಅಲ್ಲಿನ ಚರ್ಚಿನ ಹಳೆಯ ಸ್ಮಶಾನದ ಒಂದು ಭಾಗದ ಮೇಲೆಯೇ ಆ ಬೀದಿ ಹಾಯ್ದಿತ್ತು. 2009ರ ಅಗೆತದಲ್ಲಿಯೇ ಸುಮಾರು 400 ಮಂದಿಯ ಅವಶೇಷಗಳು ಹೊರಬಂದಿದ್ದುವು, ಹದಿನಾಲ್ಕನೆಯ ಶತಮಾನದಿಂದ ಹದಿನೇಳನೆಯ ಶತಮಾನದವರೆಗಿನವು. ಎರಡನೆಯ ಸಲ ಅಗೆದಾಗ ಇನ್ನೂ ಮುನ್ನೂರಕ್ಕೆ ಮೀರಿದುವು. ಪುನರುತ್ಥಾನದ ದಿನದಂದು ಎಬ್ಬಿಸುವೆನೆಂಬ ವಚನವನ್ನು ನಂಬಿ ಮಲಗಿದವರು ಅವರು. ಆ ವಚನದಲ್ಲಿ ದಿನಾಂಕವಿರಲಿಲ್ಲ. ಅವರನ್ನು ಎಬ್ಬಿಸಿದವರು ಪುರಾತತ್ತ್ವಜ್ಞರು, ಕೈಯಲ್ಲಿ ಕುಂಚವನ್ನೂ ಸಣ್ಣ ಕರಣೆಯನ್ನೂ ಹಿಡಿದುಕೊಂಡು. ಕೆಲಸದ ವೇಳಾಪಟ್ಟಿಯೊಳಗೆ ಅವರಿಗಾಗಿಯೂ ಕೆಲವು ತಿಂಗಳುಗಳನ್ನು ಮೊದಲೇ ಎಣಿಸಿ ಇಟ್ಟಿದ್ದರು. ಮಹಾಮಾರಿಯ ವರ್ಷ ನಡುವೆ ಬಂದು ಕೆಲಸವನ್ನು ಕೆಲಕಾಲ ನಿಲ್ಲಿಸಿತು. 2023ರ ಜೂನ್ 7ರಂದು ಮೊದಲ ಟ್ರಾಮು ಆ ಬೀದಿಯ ಮೇಲೆ ಹಾಯ್ದು ಕಡಲಂಚಿನ ನ್ಯೂಹೇವನ್ನನ್ನು ಸೇರಿತು. ಅದು ಅಲ್ಲಿಗೆ 2011ರಲ್ಲಿಯೇ ಏಕೆ ಬರಲಿಲ್ಲವೆಂಬುದನ್ನು ವಿವರಿಸುವ ವರದಿ ಇನ್ನೂ ಅಚ್ಚಾಗಿರಲಿಲ್ಲ.