ನಾಲಗೆಯ ಸಾಕ್ಷ್ಯ

ರುಚಿಯ ವಿಷಯದಲ್ಲಿ ವಾದ ಸಲ್ಲದೆಂದು ಎಲ್ಲರೂ ಹೇಳುತ್ತಾರೆ. ಹೇಳಿದ ಮರುಕ್ಷಣವೇ ವಾದಕ್ಕಿಳಿಯುತ್ತಾರೆ. ಈ ಕಾಫಿ ಸೊಗಸಾಗಿದೆ ಎಂದು ಒಬ್ಬ. ಇದು ಕಾಫಿಯೇ ಅಲ್ಲ ಎಂದು ಮತ್ತೊಬ್ಬ. ಇಬ್ಬರದೂ ಸರಿಯಾದರೆ ವಾದವೇಕೆ? ಒಬ್ಬನದು ತಪ್ಪಾದರೆ ಆ ತಪ್ಪನ್ನು ತೋರಿಸಿಕೊಡುವ ಬಗೆ ಯಾವುದು?

ಸ್ಕಾಟ್‌ಲೆಂಡಿನ ತತ್ತ್ವಜ್ಞ ಡೇವಿಡ್ ಹ್ಯೂಮ್ 1757ರಲ್ಲಿ ಅಭಿರುಚಿಯ ಅಳತೆಗೋಲನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದ. ಅದರಲ್ಲಿ 'ಡಾನ್ ಕ್ವಿಕ್ಸೋಟ್'ನ ಸ್ಯಾಂಚೋ ಪಾಂಜಾ ಹೇಳುವ ಕಥೆಯೊಂದು ಬರುತ್ತದೆ. ಸ್ಯಾಂಚೋನ ಬಂಧುಗಳಿಬ್ಬರು ಒಂದು ಪೀಪಾಯಿ ದ್ರಾಕ್ಷಾಮದ್ಯದ ಪರೀಕ್ಷೆಗೆ ಹೋದರು. ಮದ್ಯ ಒಳ್ಳೆಯದೇ, ಆದರೆ ಚರ್ಮದ ವಾಸನೆ ತುಸು ಇದೆ ಎಂದ ಒಬ್ಬ. ಚರ್ಮವಲ್ಲ, ಕಬ್ಬಿಣ ಎಂದ ಇನ್ನೊಬ್ಬ. ಸುತ್ತಲಿದ್ದವರು ನಕ್ಕರು. ಕೊನೆಗೆ ಪೀಪಾಯಿ ಬರಿದಾದಾಗ ತಳದಲ್ಲಿ ಸಿಕ್ಕಿದ್ದು ಚರ್ಮದ ಪಟ್ಟಿ ಕಟ್ಟಿದ ಹಳೆಯ ಬೀಗದ ಕೈ!

ಆ ಪೀಪಾಯಿಯೊಳಗೆ ಬೀಗದ ಕೈ ಬಿದ್ದದ್ದು ಆಕಸ್ಮಿಕ. ಆದರೆ ಪೀಪಾಯಿಯೇ ತನ್ನ ರುಚಿಯ ದೊಡ್ಡ ಪಾಲನ್ನು ಕೊಡುವ ಪಾನೀಯವೊಂದಿದೆ. ಅದು ಅಮೆರಿಕದ ರೈ ವಿಸ್ಕಿ. ರೈ ಎಂಬುದು ಗೋಧಿಯ ದಾಯಾದಿ, ಚಳಿನಾಡಿನ ಧಾನ್ಯ. ಅಧ್ಯಕ್ಷ ಪದವಿಯಿಂದ ನಿವೃತ್ತನಾದ ಜಾರ್ಜ್ ವಾಷಿಂಗ್ಟನ್‌ನ ಭಟ್ಟಿಯಲ್ಲಿ 1799ರಲ್ಲಿ ಸುಮಾರು 11,000 ಗ್ಯಾಲನ್ ವಿಸ್ಕಿ ಇಳಿಯಿತು. ಅದರ ಮುಖ್ಯ ಧಾನ್ಯ ರೈ. ಇಂದಿನ ಅಮೆರಿಕದ ಕಾನೂನಿನಂತೆ ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ರೈ ಇರಬೇಕು. ಭಟ್ಟಿ ಇಳಿಸಿದ್ದನ್ನು ಒಳಮೈ ಸುಟ್ಟು ಕರಿಗಟ್ಟಿಸಿದ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು. ಭಟ್ಟಿಯಿಂದ ಇಳಿದಾಗ ಅದಕ್ಕೆ ನೀರಿನಂತೆ ಬಣ್ಣವಿಲ್ಲ. ಮೆಣಸು, ಲವಂಗ, ಪುದೀನಗಳನ್ನು ನೆನಪಿಗೆ ತರುವ ಖಾರ ಧಾನ್ಯದ ಕೊಡುಗೆ. ಹೊಂಬಣ್ಣವೂ ವೆನಿಲ್ಲ, ಸುಟ್ಟ ಸಕ್ಕರೆಗಳ ಪರಿಮಳವೂ ಮರದ ಕೊಡುಗೆ.

ಪೀಪಾಯಿಗಳು ಅನೇಕ ಅಂತಸ್ತುಗಳ ಉಗ್ರಾಣದಲ್ಲಿ ವರ್ಷಗಟ್ಟಲೆ ಮಲಗಿರುತ್ತವೆ. ಮೇಲಂತಸ್ತಿನದು ಬೇಸಗೆಯ ಬಿಸಿ ಉಣ್ಣುತ್ತದೆ. ಕೆಳಗಿನದು ತಂಪಿನಲ್ಲಿ ನಿಧಾನವಾಗಿ ಹದಗೊಳ್ಳುತ್ತದೆ. ಪ್ರತಿವರ್ಷವೂ ಒಂದಿಷ್ಟು ಆವಿಯಾಗಿ ಹೋಗುತ್ತದೆ; ಅದು ದೇವದೂತರ ಪಾಲೆಂದು ಅಲ್ಲಿಯವರ ಮಾತು. ಹೀಗಾಗಿ ಒಂದೇ ದಿನ ತುಂಬಿಸಿದ ಎರಡು ಪೀಪಾಯಿಗಳೂ ಅವಳಿಗಳಾಗುವುದಿಲ್ಲ. ಸಾಮಾನ್ಯವಾಗಿ ತಯಾರಕರು ಅನೇಕ ಪೀಪಾಯಿಗಳನ್ನು ಬೆರೆಸಿ ಈ ಭೇದಗಳನ್ನು ಅಳಿಸುತ್ತಾರೆ. ಕೆಂಟಕಿಯಲ್ಲಿ 1984ರಲ್ಲಿ ಬ್ಲಾಂಟನ್ಸ್ ಎಂಬ ಬರ್ಬನ್ ವಿಸ್ಕಿಯನ್ನು, ಬೆರೆಸದೆ, ಒಂದೊಂದು ಪೀಪಾಯಿಯಿಂದಲೇ ಸೀಸೆಗೆ ತುಂಬಿ ಮಾರಾಟಕ್ಕೆ ತಂದರು. ರೈ ವಿಸ್ಕಿಯೂ ಆಮೇಲೆ ಆ ದಾರಿ ಹಿಡಿಯಿತು. ಸುಮಾರು ಇನ್ನೂರು ಲೀಟರಿನ ಒಂದು ಪೀಪಾಯಿ ಮುಗಿದರೆ ಆ ರುಚಿಯೂ ಮುಗಿದಂತೆಯೇ.

ಇಲ್ಲಿಯೇ ನಮ್ಮ ಪ್ರಶ್ನೆ ಬಿಗಿಯಾಗುವುದು. ಸೀಸೆಯ ಮೇಲಿನ ಚೀಟಿ ಮನೆತನವನ್ನು ಹೇಳುತ್ತದೆ. ಈ ಪೀಪಾಯಿಯ ಗುಣವನ್ನು ಹೇಳಲಾರದು. ಅದನ್ನು ಹೇಳಬೇಕಾದದ್ದು ನಾಲಗೆ. ಬಾಯಿ ಕಿರಿದಾದ ಲೋಟದಲ್ಲಿ ಸ್ವಲ್ಪವೇ ಹಾಕಿ, ಮೊದಲು ಮೂಸಿ, ಒಂದು ಗುಟುಕನ್ನು ಬಾಯಲ್ಲಿ ನಿಲ್ಲಿಸಿ, ಬಳಿಕ ನಾಲ್ಕು ಹನಿ ನೀರು ಬೆರೆಸಿ ಮತ್ತೆ ಮೂಸಿ ನೋಡುವುದು ಬಲ್ಲವರ ಪದ್ಧತಿ. ಇದು ಕಷ್ಟದ ಕೆಲಸವಲ್ಲ. ಕಷ್ಟವಿರುವುದು ಅನಂತರದ ಮಾತಿನಲ್ಲಿ. ಭಾರಿ ಬೆಲೆ ತೆತ್ತವನಿಗೆ 'ಈ ಪೀಪಾಯಿ ಸಾಧಾರಣವಾದದ್ದು' ಎನ್ನಲು ಬಾಯಿ ಬರುವುದೆ? ನಾಲಗೆ ಸಾಕ್ಷಿ, ಅದಕ್ಕೆ ಲಂಚ ಕೊಟ್ಟವರು ನಾವೇ.

'ನನಗೆ ಇಷ್ಟ' ಎಂಬುದು ಒಂದು ಮಾತು. 'ಇದು ಒಳ್ಳೆಯದು' ಎಂಬುದು ಬೇರೊಂದು. ಮೊದಲನೆಯದನ್ನು ಯಾರೂ ಅಲ್ಲಗಳೆಯಲಾರರು. ಎರಡನೆಯದು ವಸ್ತುವಿನ ಬಗ್ಗೆ ನುಡಿದ ಸಾಕ್ಷ್ಯ. ಅದು ಪಾಟೀಸವಾಲಿಗೆ ನಿಲ್ಲಬೇಕು. ಚೀಟಿ ಮುಚ್ಚಿ ಕುಡಿದಾಗಲೂ ಅದೇ ಮಾತು ಬರುವುದೆ? ಮರುದಿನ? ನಮ್ಮ ಅಭಿಪ್ರಾಯವನ್ನು ಕೇಳಿರದ ಇನ್ನೊಬ್ಬನಿಗೂ ಹಾಗೆಯೇ ತೋರುವುದೆ? 'ಇದರ ಖಾರ ನನಗೆ ಒಗ್ಗದು, ಆದರೂ ವಿಸ್ಕಿ ಉತ್ತಮವಾದದ್ದು' ಎನ್ನಬಲ್ಲವನು ರಸಿಕನೆಂಬ ಹೆಸರಿಗೆ ಯೋಗ್ಯ. ಭರತಮುನಿಯೂ ರಸವನ್ನು ವಿವರಿಸುವಾಗ ಹಲವು ವ್ಯಂಜನಗಳಿಂದ ಸಂಸ್ಕರಿಸಿದ ಅನ್ನವನ್ನು ಸವಿಯುವವರ ಹೋಲಿಕೆ ಕೊಟ್ಟ; ಅಂಥವರನ್ನು ಅವನು ಕರೆದದ್ದು ಸುಮನಸರೆಂದು. ನಾಲಗೆಯ ಜೊತೆಗೆ ಮನಸ್ಸೂ ನೆಟ್ಟಗಿರಬೇಕೆಂದು ಅದರ ಅರ್ಥವಾಗಿರಬೇಕು.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ಎಷ್ಟೋ ಸಂಸಾರಗಳನ್ನು ಬೀದಿಗೆ ತಂದ ಮದ್ಯಕ್ಕೆ ರಸದ ಹೆಸರಿಡುವುದು, ಚಟಕ್ಕೆ ಪಾಂಡಿತ್ಯದ ಶಾಲು ಹೊದಿಸಿದಂತಲ್ಲವೆ? ಆಕ್ಷೇಪದಲ್ಲಿ ಸತ್ಯವಿದೆ. ಅಪರೂಪದ ವಿಸ್ಕಿ ಯಾವುದು, ಅಗ್ಗದ ಸಾರಾಯಿ ಯಾವುದು ಎಂಬ ಭೇದ ನಾಲಗೆಗೆ ತಿಳಿದೀತು, ಯಕೃತ್ತಿಗೆ ತಿಳಿಯದು. ರುಚಿ ಬಲ್ಲೆನೆಂಬುದರಿಂದ ಕುಡಿತದ ಕೇಡು ಕಡಮೆಯಾಗುವುದಿಲ್ಲ. ಕುಡಿಯದವನು ಯಾವ ಪುರುಷಾರ್ಥವನ್ನೂ ಕಳೆದುಕೊಂಡಿಲ್ಲ. ಆದರೆ ರಸಿಕನೆನ್ನಿಸಿಕೊಳ್ಳುವವನಿಗೆ ಅವನ ಕಸುಬೇ ಒಂದು ಕಟ್ಟುಪಾಡನ್ನು ಹಾಕುತ್ತದೆ. ಮತ್ತೇರಿದ ಮೇಲೆ ನಾಲಗೆಯ ಸಾಕ್ಷ್ಯಕ್ಕೆ ಬೆಲೆಯಿಲ್ಲ. ಪರೀಕ್ಷೆಯೇ ವೃತ್ತಿಯಾದವರು ಬಾಯಲ್ಲಿಟ್ಟದ್ದನ್ನು ಉಗುಳಿಬಿಡುವುದು ಅದಕ್ಕಾಗಿಯೇ. ಅಳತೆ ಮೀರಿಯೂ ರುಚಿಯ ಮಾತನ್ನೇ ಆಡುತ್ತಿರುವವನು ಪರರಿಗಲ್ಲ, ತನಗೇ ಸುಳ್ಳು ಹೇಳಿಕೊಳ್ಳುತ್ತಿದ್ದಾನೆ.

ವಿಸ್ಕಿಯ ಪೀಪಾಯಿ ಬರಿದಾದಾಗ ಬೀಗದ ಕೈ ಸಿಕ್ಕುವುದಿಲ್ಲ. ನೆನೆದ ಮರವಷ್ಟೇ ಉಳಿದಿರುತ್ತದೆ. ಆಮೇಲೆ ಸಾಕ್ಷಿಯನ್ನು ಮರುವಿಚಾರಣೆಗೆ ಕರೆಯುವಂತಿಲ್ಲ. ಒಂದು ಸಂಜೆಯ ಸಂಗೀತ ಕಚೇರಿ, ಒಮ್ಮೆ ಮಾತ್ರ ಭೇಟಿಯಾದ ಮನುಷ್ಯ—ಇವರನ್ನು ಕುರಿತು ನಾವು ಕೊಡುವ ತೀರ್ಪುಗಳೂ ಬಹುಮಟ್ಟಿಗೆ ಹೀಗೆಯೇ. ಯಾರೂ ಪರೀಕ್ಷಿಸಿ ನೋಡಲಾರರು ಎಂಬ ಧೈರ್ಯದಿಂದ ದೊಡ್ಡ ಹೆಸರಿಗೆ ತಲೆದೂಗುವುದು ಸುಲಭ. ಕಂಡಷ್ಟನ್ನೇ ಹೇಳಿ, ಕಾಣದ್ದನ್ನು 'ನನಗೆ ತಿಳಿಯಲಿಲ್ಲ' ಎಂದು ಒಪ್ಪಿಕೊಳ್ಳುವುದಕ್ಕೆ ವಿದ್ಯೆ ಬೇಕಿಲ್ಲ. ನಕ್ಕವರ ನಡುವೆ ನಿಂತ ಸ್ಯಾಂಚೋನ ಆ ಇಬ್ಬರು ಬಂಧುಗಳ ದಿಟ್ಟತನ ಬೇಕು.